ನಾಲ್ಕು ಬೆರಳಿನ ಸಂದು

“ಬುದ್ಧಿ, ಎಷ್ಟು ಹೊರೆ ಹೊರಿಸಿದರೂ ಮುಖ ಸಿಂಡರಿಸದ ಸಹನೆಯನ್ನು ಎಲ್ಲರಿಗೂ ಕಲಿಸಲು ಸಾಧ್ಯವೆ?”

ಕೇಳಿದವನು ಶಿಷ್ಯ ಸೋಮಲಿಂಗ. ಮಠದ ದಾಸೋಹದ ಉಸ್ತುವಾರಿ ಅವನದು. ಅವನ ಕೈಯಲ್ಲಿ ಮಡಿಕೆ ಬಿಚ್ಚದ ಹೊಸ ಶಾಲು ಇತ್ತು. ಗುರುಗಳು ಆಗಷ್ಟೇ ಪ್ರಸಾದ ಮುಗಿಸಿ ಜಗಲಿಗೆ ಬಂದು ಕುಳಿತಿದ್ದರು.

“ಯಾರಿಗೆ ಕಲಿಸಿದೆ?” ಎಂದರು ಗುರುಗಳು.

“ಅಡುಗೆಯ ಶಿವನಂಜಮ್ಮನಿಗೆ, ಬುದ್ಧಿ. ಎಂಬತ್ತು ಎಲೆ ಇದ್ದದ್ದು ಈಗ ಇನ್ನೂರ ನಲವತ್ತಾಗಿದೆ. ಮೊದಲೆಲ್ಲ ನಾಲ್ಕು ಜನ ಹೆಚ್ಚಿಗೆ ಬಂದರೂ ಆಯಮ್ಮ ಪಾತ್ರೆ ಕುಕ್ಕುತ್ತಿದ್ದರು. ಸೌಟು ಎಸೆಯುತ್ತಿದ್ದರು. ನಾನು ಕೂರಿಸಿಕೊಂಡು ಹೇಳಿದೆ. ಬಡವನ ಕೋಪ ದವಡೆಗೆ ಮೂಲ, ತಾಯೀ, ಸಹನೆಯೇ ಪೂಜೆ ಎಂದೆ. ಕೇಳಿಸಿಕೊಂಡರು. ಒಂಬತ್ತು ತಿಂಗಳಾಯಿತು, ಅಡುಗೆಮನೆಯಲ್ಲಿ ಒಂದು ಪಾತ್ರೆಯ ಸದ್ದಿಲ್ಲ. ಸೋಮವಾರದ ಸಭೆಯಲ್ಲಿ ಆಯಮ್ಮನಿಗೆ ಈ ಶಾಲು ಹೊದಿಸೋಣ ಅಂತಿದ್ದೇನೆ. ಅವತ್ತಿನಿಂದ ಹಾಸ್ಟೆಲಿನ ಬೆಳಗಿನ ತಿಂಡಿಯನ್ನೂ ಅವರಿಗೇ ಒಪ್ಪಿಸಬಹುದು. ತಮ್ಮ ಅಪ್ಪಣೆ ಆಗಬೇಕು.”

ಗುರುಗಳ ಮುಖ ಕೆಂಪಾಯಿತು.

“ಆ ಗಾದೆ ಯಾರು ಕಟ್ಟಿದರೋ ನಾನು ಕಾಣೆ. ಬಡವರಂತೂ ಕಟ್ಟಿರಲಾರರು. ಕೂತುಕೋ. ಶಾಲು ಪಕ್ಕಕ್ಕಿಡು. ಒಂದು ಕತೆ ಹೇಳುತ್ತೇನೆ. ನೆನೆದಾಗಲೆಲ್ಲ ನನಗೆ ಮೈ ಉರಿಯುವ ಕತೆ ಇದು. ತಣ್ಣಗಿನ ಕತೆ ಬೇಕಿದ್ದರೆ ಬೇರೆ ಮಠಕ್ಕೆ ಹೋಗು.”

ಸೋಮಲಿಂಗ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನಿಗೊಂದು ಸಣ್ಣ ಕಾರು. ಗಾಣದಲ್ಲಿ ಎಣ್ಣೆ ತುಂಬಿಸಿದ ಡಬ್ಬಿಗಳನ್ನು ಅದರಲ್ಲಿ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಹಿಂದಿನ ಸೀಟನ್ನು ಕಿತ್ತು ಮನೆಯ ಜಗಲಿಗೆ ಹಾಕಿದ್ದ. ಹಿಂದೆ ಡಬ್ಬಿ, ಮುಂದೆ ಅವನು, ಪಕ್ಕದಲ್ಲಿ ಹೆಂಡತಿ. ಸಂತೆಯಲ್ಲಿ ಕುಳಿತು ಎಣ್ಣೆ ಅಳೆದು ಕೊಡುವವಳು ಅವಳು. ಕೈ ಧಾರಾಳ, ಮಾತು ನೇರ.

ಕಾರು ನಾಲ್ಕು ಜನ ಕೂರುವುದಕ್ಕೆ ಮಾಡಿದ್ದು, ಡಬ್ಬಿ ಹೇರುವುದಕ್ಕಲ್ಲ. ಅದು ವ್ಯಾಪಾರಿಗೂ ಗೊತ್ತಿತ್ತು. ಕಾರು ಮಾರಿದವನು ಅವನಿಗೊಂದು ಅಳತೆ ಹೇಳಿಕೊಟ್ಟಿದ್ದ. ಹೊರೆ ತುಂಬಿದ ಮೇಲೆ ಹಿಂದಿನ ಚಕ್ರದ ಹತ್ತಿರ ಕೂರು. ಚಕ್ರಕ್ಕೂ ಅದರ ಮೇಲಿನ ಮಡ್ಗಾರ್ಡಿಗೂ ನಡುವೆ ಕೈ ತೂರಿಸು. ನಾಲ್ಕು ಬೆರಳು ಹಿಡಿದರೆ ಹೊರಡು. ಮೂರೇ ಹಿಡಿದರೆ ಒಂದು ಡಬ್ಬಿ ಇಳಿಸು.

ಹದಿನೆಂಟು ಡಬ್ಬಿ ಹೇರಿದರೆ ಸರಿಯಾಗಿ ನಾಲ್ಕು ಬೆರಳು ಹಿಡಿಯುತ್ತಿತ್ತು. ಹತ್ತೊಂಬತ್ತನೆಯದು ಹಾಕಿದರೆ ಕಿರುಬೆರಳು ಹೊರಗೆ ಉಳಿಯುತ್ತಿತ್ತು. ವ್ಯಾಪಾರಿ ಪ್ರತಿ ದಿನ ಬೆರಳು ಹಾಕಿ ನೋಡಿಯೇ ಹೊರಡುತ್ತಿದ್ದ. ಐದು ವರ್ಷ ಕಾರು ಒಂದು ದಿನವೂ ಕೈ ಕೊಡಲಿಲ್ಲ. ಅಲ್ಲಿಯವರೆಗೆ ಅವನನ್ನು ಬೈಯುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಆಮೇಲೆ ಒಂದೇ ದಿನ ಎರಡು ಊರಿನ ಸಂತೆ ಹಿಡಿಯುವ ಆಸೆ ಹುಟ್ಟಿತು. ಮೊದಲ ಸಂತೆ ಮುಗಿಸಿ ಮತ್ತೆ ಗಾಣಕ್ಕೆ ಬಂದು ಡಬ್ಬಿ ತುಂಬಿಕೊಂಡು ಹೋಗುವಷ್ಟರಲ್ಲಿ ಎರಡನೆಯ ಸಂತೆ ಎದ್ದು ಹೋಗುತ್ತಿತ್ತು. ಎಲ್ಲವನ್ನೂ ಬೆಳಿಗ್ಗೆಯೇ ಹೇರಿಕೊಂಡು ಹೋದರೆ ಹೇಗೆ ಎಂದು ಯೋಚಿಸಿದ. ಹೇರಿದರೆ ಕಾರಿನ ಹಿಂಭಾಗ ಕುಸಿಯುತ್ತಿತ್ತು. ರಸ್ತೆಯ ಉಬ್ಬುಗಳಿಗೆ ತಳ ಕರಕರ ಉಜ್ಜುತ್ತಿತ್ತು.

ಅವನು ಒಬ್ಬ ಮೆಕ್ಯಾನಿಕ್ ಹತ್ತಿರ ಹೋದ. ಹಿಂಭಾಗ ಜಗ್ಗದ ಹಾಗೆ ಮಾಡಿಕೊಡು ಎಂದ. ಮೆಕ್ಯಾನಿಕ್ ಹಿಂದಿನ ಹಳೆಯ ಸ್ಪ್ರಿಂಗ್ ಬಿಚ್ಚಿ ದಪ್ಪನೆಯ ಸ್ಪ್ರಿಂಗ್ ಹಾಕಿದ. ಗಟ್ಟಿಯಾದ ಶಾಕ್ ಅಬ್ಸಾರ್ಬರ್ ಕೂರಿಸಿದ. ಕೆಲಸ ಮುಗಿಸಿ, ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಹೇಳಿದ.

“ಅಣ್ಣಾ, ಒಂದು ಮಾತು ನೆನಪಿಟ್ಟುಕೊ. ಇನ್ನು ಮೇಲೆ ಬೆರಳು ಹಾಕಿ ನೋಡಬೇಡ, ಡಬ್ಬಿ ಎಣಿಸು. ಹದಿನೆಂಟು ಅಂದರೆ ಹದಿನೆಂಟೇ. ನಾನು ಬದಲಾಯಿಸಿದ್ದು ಸ್ಪ್ರಿಂಗು. ಬ್ರೇಕು ಹಳೆಯದೇ, ಟೈರು ಹಳೆಯದೇ. ಉಬ್ಬಿಗೆ ತಳ ಉಜ್ಜುವುದಿಲ್ಲ, ಅಷ್ಟೇ.”

ವ್ಯಾಪಾರಿ ತಲೆಯಾಡಿಸಿದ. ತಲೆಯಾಡಿಸುವುದಕ್ಕೇನು, ಕೋಲೆಬಸವನೂ ಆಡಿಸುತ್ತದೆ!

ಮರುದಿನ ಬೆಳಿಗ್ಗೆ ಹದಿನೆಂಟು ಡಬ್ಬಿ ಹೇರಿದ. ಅಭ್ಯಾಸದಂತೆ ಚಕ್ರದ ಹತ್ತಿರ ಕೂತು ಕೈ ತೂರಿಸಿದ. ಒಂದು ಕೈ ಪೂರ್ತಿ ಹೋಗಿ, ಇನ್ನೊಂದು ಕೈಯ ಬೆರಳುಗಳೂ ಹಿಡಿದವು. ಅವನಿಗೆ ಹಿಗ್ಗೋ ಹಿಗ್ಗು. ಇಪ್ಪತ್ತನಾಲ್ಕು ಹೇರಿದ. ಇನ್ನೂ ಸಂದು ಇತ್ತು. ಮೂವತ್ತು ಹೇರಿದ. ಆಗಲೂ ಐದು ಬೆರಳು. ಮೂವತ್ತನಾಲ್ಕಕ್ಕೆ ಸರಿಯಾಗಿ ನಾಲ್ಕು ಬೆರಳಿಗೆ ಬಂತು. ಎದ್ದು ಕೈ ಕೊಡವಿ ಹೆಂಡತಿಗೆ ಹೇಳಿದ, ನೋಡು, ಕಾರು ಒಪ್ಪಿತು ಎಂದು.

ಒಪ್ಪಿತಂತೆ! ಅದರ ಬಾಯಿ ಹೊಲಿಸಿಕೊಂಡು ಬಂದವನು ಇವನೇ. ಅದು ಇಲ್ಲ ಅನ್ನಲಿಲ್ಲವಾದ್ದರಿಂದ ಒಪ್ಪಿತಂತೆ!

ಗುರುಗಳ ಧ್ವನಿ ಏರಿತು. ಸೋಮಲಿಂಗ ಮೆಲ್ಲಗೆ ಬಾಯಿ ಹಾಕಿದ.

“ಹಾಗಾದರೆ ಸ್ಪ್ರಿಂಗ್ ಹಾಕಿಸಿದ್ದೇ ತಪ್ಪೇ, ಬುದ್ಧಿ?”

“ಸ್ಪ್ರಿಂಗ್ ಏನು ತಪ್ಪು ಮಾಡಿತು? ಹಳ್ಳದಿಣ್ಣೆಯ ದಾರಿಗೆ ಅದು ಬೇಕು. ಜಗ್ಗುವುದು ಕಾರಿನ ಮಾತಾಗಿತ್ತು, ಸಾಕು ಅನ್ನುವುದಕ್ಕೆ ಅದಕ್ಕಿದ್ದ ಒಂದೇ ಮಾತು. ಅದನ್ನು ನಿಲ್ಲಿಸಿದ ಮೇಲೆ ಎಣಿಸುವ ಕೆಲಸ ತನ್ನ ಮೇಲೆ ಬಿತ್ತು ಅಂತ ಅವನಿಗೆ ತಿಳಿಯಬೇಕಿತ್ತು. ಮೆಕ್ಯಾನಿಕ್ ಬಾಯಿಬಿಟ್ಟು ಹೇಳಿಯೂ ಇದ್ದ. ಹೊರೆ ಹೇರುವವನಿಗೆ ಕಿವಿ ಎಲ್ಲಿರುತ್ತದೆ! ಮುಂದೆ ಕೇಳು.”

ಎರಡು ವಾರ ಕಳೆಯಿತು. ಎರಡು ಸಂತೆಯೂ ಸಿಕ್ಕವು. ಮುಂದಿನ ಸೀಟಿನ ಎದುರು, ಕೆಳಗೆ, ಒಂಚೂರು ಜಾಗ ಉಳಿದದ್ದು ಅವನ ಕಣ್ಣಿಗೆ ಬಿತ್ತು. ಅಲ್ಲಿ, ಹೆಂಡತಿ ಕಾಲಿಡುವ ಕಡೆ, ಮೂವತ್ತೈದನೆಯ ಡಬ್ಬಿ ಇಟ್ಟ. ಅವಳು ಮಂಡಿ ಎತ್ತಿಕೊಂಡು, ಡಬ್ಬಿಯ ಪಕ್ಕದ ಸಂದಿಯಲ್ಲಿ ಕಾಲು ತುರುಕಿಕೊಂಡು ಕೂರತೊಡಗಿದಳು. ಅದಕ್ಕೆ ಅವಳು ಏನೂ ಅನ್ನಲಿಲ್ಲ. ಅವಳು ಅಂದದ್ದು ಬೇರೆ ಮಾತು.

“ರೀ, ಬ್ರೇಕು ಮೊದಲಿನ ಹಾಗೆ ಹಿಡೀತಿಲ್ಲ ಕಣ್ರೀ. ಮೊನ್ನೆ ಎಮ್ಮೆ ಅಡ್ಡ ಬಂದಾಗ ನಮ್ಮ ಕಾರು ನಿಂತದ್ದು ಎಮ್ಮೆ ದಾಟಿ ಹೋದ ಮೇಲೆ. ಅದು ಓಡಿತು ಅಂತ ಉಳಿಯಿತು. ನನಗೆ ಭಯ ಆಗುತ್ತೆ. ಅರ್ಧದಷ್ಟು ಡಬ್ಬಿ ಇಳಿಸಿ.”

ವ್ಯಾಪಾರಿಗೆ ರೇಗಿತು. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಹೆಂಡತಿಯನ್ನು ಕೆಳಗಿಳಿಸಿ ಹಿಂದಿನ ಚಕ್ರದ ಹತ್ತಿರ ಕರೆತಂದ. ಸಂತೆಗೆ ಹೋಗುವ ಜನ ನೋಡುತ್ತಿರುವಂತೆಯೇ ಅವಳ ಕೈ ಹಿಡಿದು ಆ ಸಂದಿಗೆ ತೂರಿಸಿದ.

“ಎಣಿಸು. ಎಷ್ಟು?”

“ನಾಲ್ಕು.”

“ಮತ್ತೆ ಯಾಕೆ ಬಾಯಿ?”

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕೂತಳು. ಅವತ್ತಿನಿಂದ ಬ್ರೇಕಿನ ಮಾತು ಎತ್ತಲಿಲ್ಲ. ಇಳಿಜಾರು ಬಂದಾಗಲೆಲ್ಲ ಎರಡೂ ಕೈಯಲ್ಲಿ ಸೀಟು ಹಿಡಿದುಕೊಳ್ಳುತ್ತಿದ್ದಳು. ಪಕ್ಕದಲ್ಲೇ ಇದ್ದ ಗಂಡ ಅದನ್ನು ನೋಡಲಿಲ್ಲ. ಹೆಂಡತಿಗೆ ಧೈರ್ಯ ಬಂತು ಎಂದುಕೊಂಡ. ನಾಲ್ಕು ಜನರ ಮುಂದೆ ಹಾಗೆಯೇ ಹೇಳಿಕೊಂಡೂ ಬಂದ, ಪುಣ್ಯಾತ್ಮ!

ಒಂದು ಬೆಳಿಗ್ಗೆ, ಮೊದಲ ಸಂತೆಯ ದಾರಿಯಲ್ಲಿ, ಉದ್ದನೆಯ ಇಳಿಜಾರು. ಅದರ ಕೊನೆಗೆ ಕಿರಿದಾದ ಸೇತುವೆ. ಸೇತುವೆಯ ಮೇಲೆ ಎತ್ತಿನ ಗಾಡಿಯೊಂದು ನಿಧಾನವಾಗಿ ಹೋಗುತ್ತಿತ್ತು. ವ್ಯಾಪಾರಿ ಬ್ರೇಕು ತುಳಿದ. ಕಾರು ನಿಲ್ಲಲಿಲ್ಲ. ಎದ್ದು ನಿಂತ ಹಾಗೆ ಒತ್ತಿ ತುಳಿದ. ಸುಟ್ಟ ವಾಸನೆ ಬಂತೇ ಹೊರತು ಕಾರು ನಿಲ್ಲಲಿಲ್ಲ. ಗಾಡಿಯನ್ನು ತಪ್ಪಿಸಲು ಹೋಗಿ ಸೇತುವೆಯ ಕಟ್ಟೆಗೆ ಗುದ್ದಿದ. ಹಿಂದಿನ ಡಬ್ಬಿಗಳು ಮುಂದಕ್ಕೆ ನುಗ್ಗಿದವು. ಸೀಟು ಮುರಿದು ಮುಂದಕ್ಕೆ ಬಂತು. ಹೆಂಡತಿಯ ಕಾಲು ಆ ಮೂವತ್ತೈದನೆಯ ಡಬ್ಬಿಗೂ ಕಾರಿನ ತಗಡಿಗೂ ನಡುವೆ ಸಿಕ್ಕಿಕೊಂಡಿತು.

ಜನ ಓಡಿ ಬಂದರು. ವ್ಯಾಪಾರಿಗೆ ಹಣೆಯ ಮೇಲೆ ಗಾಯ, ಅಷ್ಟೇ. ಗಾಡಿಯವನು, ದಾರಿಹೋಕರು ಸೇರಿ ಹೆಂಡತಿಯನ್ನು ಬಿಡಿಸುತ್ತಿದ್ದರು. ಅವನು ದಿಕ್ಕು ತಪ್ಪಿದವನ ಹಾಗೆ ಕಾರಿನ ಹಿಂದಕ್ಕೆ ಹೋಗಿ, ಚಕ್ರದ ಹತ್ತಿರ ಕೂತು, ಸಂದಿಗೆ ಕೈ ತೂರಿಸಿದ. ಕಾರಿನ ಮೂತಿ ಜಜ್ಜಿ ಹೋಗಿತ್ತು. ಬ್ರೇಕು ಸುಟ್ಟು ಹೋಗಿತ್ತು. ಹಿಂಭಾಗ ಮಾತ್ರ ಒಂದು ಕೂದಲೆಳೆಯಷ್ಟೂ ಜಗ್ಗಿರಲಿಲ್ಲ. ನಾಲ್ಕು ಬೆರಳೂ ಹಿಡಿದವು.

ಗುರುಗಳು ಸೋಮಲಿಂಗನ ಕಡೆಗೆ ತಿರುಗಿದರು.

“ಈ ಕತೆ ನನಗೆ ಹೇಳಿದವನು ಆ ಮೆಕ್ಯಾನಿಕ್ಕೇ. ಹೇಳುವಾಗ ಅವನಿಗೂ ಮೈ ಉರಿಯುತ್ತಿತ್ತು. ಸುದ್ದಿ ತಿಳಿದು ಆಸ್ಪತ್ರೆಗೆ ಹೋಗಿದ್ದನಂತೆ. ಆ ಹೆಣ್ಣುಮಗಳ ಕಾಲನ್ನು ಮಂಡಿಯ ಕೆಳಗೆ ತೆಗೆದುಹಾಕಿದ್ದರು. ವ್ಯಾಪಾರಿ ಮಂಚದ ಪಕ್ಕ ನಿಂತು ಅಳುತ್ತಿದ್ದ. ನನಗೊಂದು ಮಾತು ಗಟ್ಟಿಯಾಗಿ ಹೇಳಬಾರದಿತ್ತೇ ನೀನು, ಅಂತ ಅವಳನ್ನೇ ಕೇಳುತ್ತಿದ್ದ. ಕೇಳಿದೆಯಾ? ಅವಳನ್ನೇ!”

“ಅವಳು ಏನೆಂದಳು, ಬುದ್ಧಿ?”

“ಅವಳು ಅಳಲಿಲ್ಲ. ಅವಳ ಕಣ್ಣಲ್ಲಿ ಬೆಂಕಿ ಇತ್ತು. ಮಂಡಿಯಿಂದ ಕೆಳಗೆ ಹೊದಿಕೆ ಹಾಸಿಗೆಗೆ ಅಂಟಿಕೊಂಡು ಬಿದ್ದಿತ್ತಲ್ಲ, ಆ ಜಾಗ ತೋರಿಸಿದಳು. ‘ರೀ, ಬನ್ನಿ, ಇಲ್ಲಿ ಬೆರಳು ಹಾಕಿ. ಎಷ್ಟು ಹಿಡಿಯುತ್ತೆ, ಎಣಿಸಿ ಹೇಳಿ’ ಎಂದಳು.”

ಸೋಮಲಿಂಗ ನಿಟ್ಟುಸಿರು ಬಿಟ್ಟ.

“ಪಾಪ, ವ್ಯಾಪಾರಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗಾಯಿತು.”

“ಅವನಿಗೆ ಪಾಪ ಅನ್ನಬೇಡ!” ಗುರುಗಳು ಗುಡುಗಿದರು. “ಒಲೆಯ ಮಾತು ನೀನೇ ತೆಗೆದೆ, ಒಳ್ಳೆಯದೇ ಆಯಿತು. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಇವತ್ತು ಬಿದ್ದೇ ಇರಲಿಲ್ಲ. ಹದಿನಾರು ವರ್ಷ ಆ ಕೈಯ ಅಡುಗೆ ಉಂಡಿದ್ದೇನೆ, ಒಂದು ದಿನ ಹೀಗಾದದ್ದಿಲ್ಲ. ಬಡಿಸುವಾಗ ಆ ತಾಯಿ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ನೀನು ನೋಡಿದೆಯಾ?”

“ಇಲ್ಲ, ಬುದ್ಧಿ. ಆಯಮ್ಮ ಏನೂ ಹೇಳಲಿಲ್ಲ.”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ಸೋಮಲಿಂಗ ತಲೆ ತಗ್ಗಿಸಿದ. ಶಾಲು ಪಕ್ಕದಲ್ಲೇ ಬಿದ್ದಿತ್ತು. ಗುರುಗಳು ಅದನ್ನು ಎತ್ತಿ ಅವನ ಮಡಿಲಿಗೆ ಹಾಕಿದರು.

“ಪಾತ್ರೆಯ ಸದ್ದು ನಿಂತಿತು ಅಂದೆಯಲ್ಲ ಸೋಮಲಿಂಗ, ಕೆಲಸ ಯಾವಾಗ ಕಡಿಮೆಯಾಯಿತು, ಅದನ್ನು ಹೇಳು.”