ಹಂಸದ ಕೆಳಗಿನ ಪೀಪಾಯಿ

ಚಳಿಗಾಲದ ಕೆರೆ ಹಬ್ಬಕ್ಕೆಂದು ಇಂಜಿನಿಯರ್ ಶಾಂತವೀರ ಸಾವಿರ ದೀಪಗಳ ಹಂಸವೊಂದನ್ನು ಕಟ್ಟಿ, ನಾಲ್ಕು ಖಾಲಿ ಪೀಪಾಯಿಗಳ ಮೇಲೆ ತೇಲಿಬಿಟ್ಟಿದ್ದ. ಹಬ್ಬದ ದಿನ ಬೆಳಿಗ್ಗೆ ಎಡಗಡೆಯ ಒಂದು ಪೀಪಾಯಿಯ ಬೆಸುಗೆ ಬಿಟ್ಟು, ಒಳಗೆ ನೀರು ಜಿನುಗತೊಡಗಿತು.

"ಹಂಸವೇ, ನಾನು ತುಂಬುತ್ತಿದ್ದೇನೆ," ಎಂದಿತು ಪೀಪಾಯಿ. "ಶಾಂತವೀರರು ದೀಪ ಪರೀಕ್ಷಿಸುವಾಗ ಒಂದೇ ಒಂದನ್ನು ಹೊತ್ತಿಸದೆ ಇರು. ಅದನ್ನು ನೋಡಲು ಬಂದವರು ನನ್ನನ್ನೂ ನೋಡುತ್ತಾರೆ."

"ಇಂದು ಊರಿಗೆ ಊರೇ ನನ್ನನ್ನು ನೋಡಲು ಬರುತ್ತಿದೆ. ಕುಂದು ತೋರಿಸಲಾರೆ. ನಾಳೆ ಹೇಳೋಣ," ಎಂದಿತು ಹಂಸ.

ಬೇರೆ ದಾರಿ ತೋಚದೆ ಪೀಪಾಯಿ, ಅಷ್ಟು ಹೊತ್ತು ಬಿಗಿಹಿಡಿದಿದ್ದ ಮೈಯನ್ನು ಸಡಿಲಬಿಟ್ಟು ಒಂದಿಷ್ಟು ವಾಲಿತು; ಮೇಲಿದ್ದ ಹಂಸವೂ ಎಡಕ್ಕೆ ಓರೆಯಾಯಿತು. ಶಾಂತವೀರ ದೋಣಿಯಲ್ಲಿ ಬಂದೇ ಬಂದ. ಪೀಪಾಯಿಗೆ ಹೋದ ಜೀವ ಬಂದಂತಾಯಿತು. ಆದರೆ ಅವನು ಕೆಳಗೆ ಬಗ್ಗಿ ನೋಡಲಿಲ್ಲ. ಬಲಗಡೆಗೆ ಎರಡು ಮರಳಿನ ಚೀಲ ಹೇರಿ, ಹಂಸದ ಕತ್ತು ನೆಟ್ಟಗಾದದ್ದನ್ನು ಕಂಡು, ಸಮಾಧಾನದಿಂದ ಹಿಂತಿರುಗಿದ.

"ನೋಡಿದೆಯಾ, ಸರಿಹೋಯಿತು," ಎಂದಿತು ಹಂಸ.

ಪೀಪಾಯಿ ಉಳಿದಷ್ಟು ಗಾಳಿಯನ್ನು ಹಿಡಿದುಕೊಂಡು ಸಂಜೆಯವರೆಗೂ ಆ ಭಾರವನ್ನು ಹೊತ್ತೇ ಇತ್ತು.

ಮುಸ್ಸಂಜೆಗೆ ದೀಪಗಳೆಲ್ಲ ಹೊತ್ತಿದವು. ಹಂಸ ಎತ್ತಲೂ ವಾಲದೆ, ಮೆಲ್ಲಗೆ, ನೀರಿನೊಳಕ್ಕೆ ಇಳಿಯತೊಡಗಿತು.

"ಯಾರನ್ನಾದರೂ ಕರೆ," ಎಂದು ಹಂಸ ಬೇಡಿಕೊಂಡಿತು. ಪೀಪಾಯಿಯಲ್ಲಿ ಉಸಿರು ಉಳಿದಿರಲಿಲ್ಲ.

ಹಂಸ ಮುಳುಗುವುದೂ ಪ್ರದರ್ಶನದ ಭಾಗವೆಂದುಕೊಂಡ ದಡದ ಜನ, ಕೊನೆಯ ದೀಪ ಆರುವವರೆಗೂ ಚಪ್ಪಾಳೆ ತಟ್ಟಿದರು.