ಹಾಲಿನವಳು ತಟ್ಟಿದ ಬಾಗಿಲು

"ಗುರುಗಳೇ, ಸುದ್ದಿ ಈಗ ಎಲ್ಲರ ಅಂಗೈಗೇ ಬಂದು ಬೀಳುತ್ತಿದೆ. ಹೀಗಿರುವಾಗ ಪತ್ರಿಕೆ ಎನ್ನುವುದು ಇನ್ನು ಯಾಕೆ ಬೇಕು?" ಎಂದು ಮುದ್ದಲಿಂಗ ಕೇಳಿದ.

ಮುದ್ದಲಿಂಗ ಮಠಕ್ಕೆ ಬಂದು ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಓದಿದವನು, ಚುರುಕಿನವನು. ಭಕ್ತರಿಗೆಲ್ಲ ಫೋನಿನಲ್ಲಿ ಮಠದ ಸಮಾಚಾರ ಮುಟ್ಟಿಸುವ ಕೆಲಸ ಅವನದು. ತಿಂಗಳಿಗೊಮ್ಮೆ ಹೊರಡುವ ಮಠದ ಅಚ್ಚಿನ ಪತ್ರಿಕೆಯನ್ನು ನಿಲ್ಲಿಸಿಬಿಡೋಣ ಎಂಬ ಆಸೆ ಅವನಿಗಿತ್ತು. ನೇರವಾಗಿ ಹೇಳಲು ಧೈರ್ಯ ಸಾಲದೆ ಅದನ್ನು ಪ್ರಶ್ನೆ ಮಾಡಿ ಕೇಳಿದ್ದ. ಗುರುಗಳಿಗೆ ಇದು ತಿಳಿಯದೆ ಇರಲಿಲ್ಲ. ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳಲು ಕುಳಿತರು.

ಒಂದು ಊರಿನಲ್ಲಿ ಒಬ್ಬ ಪತ್ರಿಕೆಯವನಿದ್ದ. ದಿನಾ ಸಂಜೆ ಒಂದು ಹಾಳೆಯ ಪತ್ರಿಕೆ ಹೊರಡಿಸುತ್ತಿದ್ದ. ಬರೆಯುವವನೂ ಅವನೇ, ಅಚ್ಚು ಹಾಕುವವನೂ ಅವನೇ, ಸೈಕಲ್ಲಿನ ಮೇಲೆ ಹಂಚುವವನೂ ಅವನೇ. ಪತ್ರಿಕೆ ಅವನ ಅಪ್ಪ ಕಟ್ಟಿದ್ದು. ಅಪ್ಪ ಒಂದು ಪದ್ಧತಿ ಇಟ್ಟುಕೊಂಡಿದ್ದ. ಯಾರ ಮೇಲಾದರೂ ದೂರು ಬಂದರೆ ಮೊದಲು ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೇ ಹೋಗುತ್ತಿದ್ದ. "ನಿಮ್ಮ ಮೇಲೆ ಹೀಗೊಂದು ಮಾತು ಬಂದಿದೆ. ನಿಮ್ಮ ಮಾತೇನು?" ಎಂದು ಕೇಳುತ್ತಿದ್ದ. ಅವರು ಬೈದರೆ ಬೈಸಿಕೊಂಡು, ಕಾಫಿ ಕೊಟ್ಟರೆ ಕುಡಿದು ಬರುತ್ತಿದ್ದ. ದೂರಿನ ಕೆಳಗೆ ಅವರ ಮಾತೂ ಅಚ್ಚಾಗುತ್ತಿತ್ತು. ಊರಿನವರು ಇದನ್ನು ದೊಡ್ಡದೆಂದು ಎಣಿಸಿರಲಿಲ್ಲ. ಪತ್ರಿಕೆಯೆಂದರೆ ಹಾಗೆಯೇ ಇರುತ್ತದೆ ಎಂದುಕೊಂಡಿದ್ದರು.

ಮಗನ ಕಾಲಕ್ಕೆ ಎಲ್ಲರ ಕೈಗೂ ಫೋನು ಬಂತು. ಬೆಳಗ್ಗೆ ನಡೆದದ್ದು ಬೆಳಗ್ಗೆಯೇ ಗೊತ್ತಾಗುತ್ತಿತ್ತು. ನಡೆಯದೆ ಇದ್ದದ್ದು ಅದಕ್ಕಿಂತ ಮೊದಲೇ ಗೊತ್ತಾಗುತ್ತಿತ್ತು. ಸಂಜೆ ಪತ್ರಿಕೆ ಕೊಡಲು ಹೋದರೆ ಜನ, "ಇದೆಲ್ಲ ಹಳೇದಾಯ್ತಲ್ಲ ಸ್ವಾಮಿ" ಎನ್ನತೊಡಗಿದರು. ಪತ್ರಿಕೆಯವನಿಗೆ ಸಂಕಟವಾಯಿತು. ಅಪ್ಪ ಕಟ್ಟಿದ್ದು ತನ್ನ ಕೈಯಲ್ಲಿ ಮುಚ್ಚಿಹೋಗಬಾರದು ಎಂದು ಹಟ ಹಿಡಿದ. ಹಟವೇನೋ ಒಳ್ಳೆಯದೇ. ಆದರೆ ಹಟ ಹಿಡಿದವನು ಮಾಡಿದ್ದೇನು? ಚಪ್ಪಲಿಯನ್ನು ಮೂಲೆಗೆ ಬಿಟ್ಟು ತಾನೂ ಫೋನು ಹಿಡಿದು ಕುಳಿತ. ಅಲ್ಲಿ ಬಂದದ್ದನ್ನು ಇಲ್ಲಿಗೆ ಇಳಿಸುವುದು, ಕೊನೆಗೆ 'ಎನ್ನಲಾಗಿದೆ' ಎಂದು ಸೇರಿಸುವುದು. ಅಷ್ಟು ಸೇರಿಸಿದರೆ ತನ್ನ ಮೈಗೆ ಏನೂ ಅಂಟುವುದಿಲ್ಲ ಎಂದು ಅವನು ತಿಳಿದಿದ್ದ.

ಅದೇ ಊರಿನಲ್ಲಿ ಒಬ್ಬ ಹಾಲಿನವಳಿದ್ದಳು. ಗಂಡ ತೀರಿಕೊಂಡಿದ್ದ. ನಾಲ್ಕು ಎಮ್ಮೆಗಳೇ ಅವಳ ಬದುಕು. ಬೆಳಗಾಗುವ ಮೊದಲೇ ಹಾಲು ಕರೆದು, ಕ್ಯಾನು ಹೊತ್ತು ಮನೆಮನೆಗೆ ಹೋಗುತ್ತಿದ್ದಳು. ಅಳೆದು ಹಾಕಿದ ಮೇಲೆ ಒಂದಿಷ್ಟು ಕೊಸರು ಹಾಕದೆ ಯಾವ ಬಾಗಿಲನ್ನೂ ದಾಟಿದವಳಲ್ಲ. ಬಾಯಿ ಮಾತ್ರ ಜೋರು.

ಒಂದು ದಿನ ಅವಳು ಬೀದಿ ನಲ್ಲಿಯ ಹತ್ತಿರ ಕ್ಯಾನು ತೊಳೆಯಲು ಕುಳಿತಳು. ಜಿಡ್ಡು ಬಿಡಲೆಂದು ಒಂದು ಹಿಡಿ ಸೋಡಾ ಪುಡಿಯನ್ನು ಕ್ಯಾನಿನೊಳಗೆ ಹಾಕಿದಳು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬ ಅದನ್ನು ಫೋನಿನಲ್ಲಿ ವಿಡಿಯೋ ಮಾಡಿದ. ಪುಡಿ ಹಾಕಿದ್ದು ವಿಡಿಯೋದಲ್ಲಿ ಬಂತು. ತಿಕ್ಕಿದ್ದು, ತೊಳೆದದ್ದು, ನೀರು ಚೆಲ್ಲಿದ್ದು ಬರಲಿಲ್ಲ. 'ನಿಮ್ಮ ಮಕ್ಕಳು ಕುಡಿಯುವ ಹಾಲು ನೋಡಿ' ಎಂದು ಬರೆದು ಅವನು ಅದನ್ನು ಕಳಿಸಿಬಿಟ್ಟ.

ಮಧ್ಯಾಹ್ನದೊಳಗೆ ಅದು ಊರೆಲ್ಲ ಸುತ್ತಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ಗಾದೆ ಹೇಳಿಕೊಡುವ ಊರೇ ಅದು. ಆದರೆ ಪ್ರಮಾಣಿಸಬೇಕಾದರೆ ಹಾಲಿನವಳ ಮನೆಯವರೆಗೆ ನಡೆಯಬೇಕಿತ್ತು. ಕಳಿಸಬೇಕಾದರೆ ಒಂದು ಬೆರಳು ಸಾಕಿತ್ತು. ಮಕ್ಕಳಿದ್ದವರು ಭಯಪಟ್ಟು ಕಳಿಸಿದರು. ಮಕ್ಕಳಿಲ್ಲದವರು ಮಕ್ಕಳಿದ್ದವರ ಮೇಲಿನ ಕಾಳಜಿಯಿಂದ ಕಳಿಸಿದರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಕೆಟ್ಟವರೇ ಆಗಿರಬೇಕೆಂದಿಲ್ಲ.

ಪತ್ರಿಕೆಯವನ ಫೋನಿಗೂ ಅದು ಬಂತು. ಹಾಲಿನವಳ ಮನೆ ಅವನ ಮನೆಯಿಂದ ಎರಡೇ ಬೀದಿ ಆಚೆ. ಎದ್ದು ಹೋಗಿ ಕೇಳೋಣ ಎಂದು ಒಂದು ಸಲ ಅನ್ನಿಸಿತು. ಹೋಗಿ ಬರುವಷ್ಟರಲ್ಲಿ ಸುದ್ದಿ ಹಳಸುತ್ತದೆ ಎಂದು ಇನ್ನೊಂದು ಸಲ ಅನ್ನಿಸಿತು. ಎರಡನೆಯದನ್ನು ಕೇಳಿದ. ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಹಾಲಿಗೆ ಪುಡಿ ಬೆರೆಸಲಾಗುತ್ತಿದೆ ಎನ್ನಲಾಗಿದೆ ಎಂದು ಅಚ್ಚು ಹಾಕಿದ.

ಅಂದು ಪತ್ರಿಕೆಯ ಒಂದು ಪ್ರತಿಯೂ ಉಳಿಯಲಿಲ್ಲ. ಜನ ಪತ್ರಿಕೆಯ ಫೋಟೋ ತೆಗೆದು ಮತ್ತೆ ಫೋನಿನಲ್ಲಿ ಕಳಿಸಿದರು. "ನೋಡಿ, ಪೇಪರಿನಲ್ಲೇ ಬಂದಿದೆ" ಎಂದರು. ಫೋನಿನ ಮಾತನ್ನು ನಂಬದ ಕೆಲವು ಮನೆಗಳಿದ್ದವು. ಪೇಪರು ನೋಡಿ ಅವರೂ ಬಾಗಿಲು ಹಾಕಿಕೊಂಡರು. ಪತ್ರಿಕೆಯವನು ಅಂದು ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ಊಟ ಮಾಡಿದ.

ಎರಡು ದಿನ ಕಳೆದ ಮೇಲೆ ಬೆಳಗ್ಗೆ ಯಾರೋ ಅವನ ಬಾಗಿಲು ತಟ್ಟಿದರು. ತೆಗೆದರೆ ಹಾಲಿನವಳು. ಕೈಯಲ್ಲಿ ಅವನದೇ ಪತ್ರಿಕೆ.

"ನೋಡಮ್ಮ, ಅದು ನನ್ನ ಮಾತಲ್ಲ. ಫೋನಿನಲ್ಲಿ ಬಂದದ್ದು. ಕಳಿಸಿದವರನ್ನ ಹೋಗಿ ಕೇಳು" ಎಂದ ಪತ್ರಿಕೆಯವನು.

"ಅವರ ಮನೆ ಯಾವ ಬೀದೀಲೈತೆ ತೋರ್ಸಿ ಸ್ವಾಮಿ, ಈಗ್ಲೇ ಹೋಯ್ತೀನಿ" ಎಂದಳು ಅವಳು. "ಫೋನಿನೋರಿಗೆ ಬಾಗ್ಲಿಲ್ಲ. ನಿಮಗೈತೆ. ಅದಕ್ಕೇ ಬಂದೆ. ಪುಡಿ ಯಾಕೆ ಹಾಕ್ದೆ ಅಂತ ಒಂದು ಮಾತು ಕೇಳಿದ್ರಾ ನನ್ನ? ಕ್ಯಾನು ತೊಳೆಯಕ್ಕೆ ಸೋಡಾ ಅಲ್ದೆ ಇನ್ನೇನು ಅರಿಸಿನ ಕುಂಕುಮ ಹಾಕ್ತಾರಾ?"

ಹಾಲಿನವಳು ಅಲ್ಲಿಗೇ ನಿಲ್ಲಿಸಲಿಲ್ಲ.

"ಎಮ್ಮೆಗೆ ಪೇಪರು ಓದಕ್ಕೆ ಬರಲ್ಲ ಸ್ವಾಮಿ. ಎರಡೊತ್ತೂ ಕೆಚ್ಚಲು ತುಂಬ್ತದೆ. ಕರೆದು ಕರೆದು ಮೋರಿಗೆ ಸುರೀತಾ ಇವ್ನಿ. ಬರೋ ಸಂತೆಗೆ ನಾಲ್ಕನ್ನೂ ಹೊಡ್ಕೊಂಡು ಹೋಗೋದೆ. ಅಷ್ಟ್ರೊಳಗೆ ನೀವು ಏನ್ ಮಾಡ್ತೀರೋ ಮಾಡಿ."

ಅವಳು ಹೋದ ಮೇಲೆ ಪತ್ರಿಕೆಯವನು ಹೊಸ್ತಿಲ ಮೇಲೆಯೇ ಕುಳಿತ. ಅವನಿಗೆ ನಾಚಿಕೆಯಾಯಿತು. ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಎರಡು ಬೀದಿ ನಡೆದಿದ್ದರೆ ಸಾಕಿತ್ತು. ಅಪ್ಪ ಬದುಕಿದ್ದರೆ ಬೈಯುತ್ತಲೂ ಇರಲಿಲ್ಲ, ಸುಮ್ಮನೆ ಮುಖ ನೋಡುತ್ತಿದ್ದ.

ಅಂದು ಸಂಜೆ ಅವನು ಸುಳ್ಳು ಬರೆದ ಜಾಗದಲ್ಲೇ, ಅದೇ ದಪ್ಪ ಅಕ್ಷರದಲ್ಲಿ, 'ನಾನು ಕೇಳದೆ ಬರೆದೆ, ಅದು ಸುಳ್ಳು' ಎಂದು ಅಚ್ಚು ಹಾಕಿದ. ಜನ ಇದರ ಫೋಟೋವನ್ನೂ ತೆಗೆದು ಕಳಿಸುತ್ತಾರೆ ಎಂದು ಕಾದ. ಒಬ್ಬರೂ ಕಳಿಸಲಿಲ್ಲ. ತಾನೇ ಫೋನಿನಲ್ಲಿ ಹಾಕಿ ನೋಡಿದ. ಹೂವಿನ ಚಿತ್ರ, ದೇವರ ಚಿತ್ರ, ಶುಭೋದಯಗಳ ಅಡಿಯಲ್ಲಿ ಅದು ಹೂತುಹೋಯಿತು. ಯಾಕೆಂದು ಅವನಿಗೆ ನಿಧಾನವಾಗಿ ಹೊಳೆಯಿತು. ಸುಳ್ಳು ಕಳಿಸುವಾಗ ಜನ ಊರಿಗೆ ಉಪಕಾರ ಮಾಡುವವರಾಗಿದ್ದರು. ನಿಜ ಕಳಿಸಿದರೆ ತಪ್ಪು ಮಾಡಿದವರಾಗುತ್ತಿದ್ದರು. ಅಂಥ ಸುದ್ದಿಯನ್ನು ಯಾರು ಹೊರುತ್ತಾರೆ?

ಇಲ್ಲಿಗೆ ಬಿಟ್ಟಿದ್ದರೂ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಆದರೆ ಅವನು ಹಟದ ಮನುಷ್ಯ. ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡ. ಬೆಳಗಿನ ಹೊತ್ತಿಗೆ ಹಾಲಿನವಳ ಕೊಟ್ಟಿಗೆಯ ಮುಂದೆ ಹೋಗಿ ನಿಂತ. "ನಡಿಯಮ್ಮ, ಇವತ್ತು ಕ್ಯಾನು ನಾನು ಹೊರ್ತೀನಿ" ಎಂದ. ಹಾಲಿನವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಚೆಲ್ಲಬೇಡಿ ಮತ್ತೆ" ಎಂದಳು.

ಪ್ರತಿ ಮನೆಯ ಬಾಗಿಲಲ್ಲೂ ಅವನು ನಿಂತ. "ಈಕೆಯ ಮೇಲೆ ಬರೆದವನು ನಾನು. ಈಕೆ ಕ್ಯಾನು ತೊಳೆಯುತ್ತಿದ್ದಳು. ನಾನು ಕೇಳಲಿಲ್ಲ. ತಪ್ಪು ನನ್ನದು" ಎಂದು ಒಳಗಿನವರಿಗೆ ಕೇಳಿಸುವಂತೆ ಹೇಳಿದ. ಹೇಳಿ, ಒಂದು ಲೋಟ ಹಾಲು ಅಳೆಸಿಕೊಂಡು ಅವರ ಎದುರಿಗೇ ಕುಡಿದ. ಬೀದಿ ಮುಗಿಯುವಷ್ಟರಲ್ಲಿ ಅವನ ಹೊಟ್ಟೆ ಉಬ್ಬರಿಸಿತ್ತು. "ಸಾಕು ಬಿಡಿ ಸ್ವಾಮಿ, ಹಸಿ ಹಾಲು, ನಾಳೆ ನೀವೇ ಪೇಪರಿನಲ್ಲಿ ಬರ್ತೀರಾ" ಎಂದು ಹಾಲಿನವಳು ಲೋಟ ಕಿತ್ತುಕೊಂಡಳು.

ಊರಿನವರು ಒಳ್ಳೆಯ ಮಾತಿಗೇನೂ ಕಡಿಮೆ ಮಾಡಲಿಲ್ಲ. "ಅಯ್ಯೋ, ನಾವು ನಂಬಿಯೇ ಇರಲಿಲ್ಲ ಬಿಡಿ" ಎಂದರು ಒಬ್ಬರು. "ಆ ಸುದ್ದಿಯ ಮೇಲೆ ನಮಗೆ ಮೊದಲೇ ಅನುಮಾನವಿತ್ತು" ಎಂದರು ಇನ್ನೊಬ್ಬರು. ನಂಬಿರಲಿಲ್ಲ ಎಂದ ಆ ಮನೆಗಳಿಂದ ಒಂದು ಪಾತ್ರೆಯೂ ಹೊರಗೆ ಬರಲಿಲ್ಲ. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ ಹಾಗೇ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುತ್ತಿದ್ದಾನೆ ಎಂದು ಜನ ಆಡಿಕೊಂಡರು. ಅವನು ನಿಲ್ಲಿಸಲಿಲ್ಲ. ಬರೆದದ್ದು ಎಷ್ಟು ಮನೆಗೆ ಹೋಗಿದೆಯೋ ಅಷ್ಟೂ ಮನೆಗೆ ನಾನೂ ಹೋಗಬೇಕು ಎಂದು ನಿಶ್ಚಯ ಮಾಡಿಬಿಟ್ಟಿದ್ದ.

ಸಂತೆಗೆ ಒಂದು ದಿನ ಉಳಿದಿತ್ತು. ಒಂದು ಮನೆಯ ಗೃಹಿಣಿ ಅವನು ಬಾಯಿ ತೆರೆಯುವ ಮೊದಲೇ ತಡೆದಳು.

"ಸಾಕು ನಿಲ್ಸಿ. ನೀವು ದಿನಾ ಬಂದು ನನ್ನ ತಪ್ಪು ನನ್ನ ತಪ್ಪು ಅಂದ್ರೆ ನನಗೆ ಒಳಗೆ ಕೂರಕ್ಕಾಗ್ತಿಲ್ಲ. ಅದನ್ನ ನಾನೂ ನಮ್ಮ ಅಕ್ಕತಂಗೀರಿಗೆಲ್ಲ ಕಳಿಸಿದ್ದೆ" ಎಂದಳು.

ಅಲ್ಲೇ ನಿಂತು, ಹಾಲಿನವಳ ಎದುರಿಗೇ, ಅಕ್ಕನಿಗೆ ಫೋನು ಮಾಡಿದಳು. ತಂಗಿಗೆ ಮಾಡಿದಳು. ನಾನು ಕಳಿಸಿದ್ದು ಸುಳ್ಳು, ನೀನು ಯಾರಿಗೆ ಕಳಿಸಿದ್ದೀಯೋ ಅವರಿಗೂ ಹೇಳು ಎಂದಳು. ಆಮೇಲೆ ಒಳಗೆ ಹೋಗಿ ಪಾತ್ರೆ ತಂದು ಹಿಡಿದಳು. ಹಾಲಿನವಳು ಅಳೆದು ಹಾಕಿದಳು. ಕೊಸರೂ ಹಾಕಿದಳು. ಜೋರು ಬಾಯಿಯ ಹೆಂಗಸು ಅಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಪಕ್ಕದ ಮನೆಯವರು ಇದನ್ನು ಕಿಟಕಿಯಿಂದ ನೋಡಿದರು. ಅವರ ಮನೆಯ ಪಾತ್ರೆಯೂ ಬಂತು. ಆ ಬೀದಿಯಲ್ಲಿ ಇನ್ನೂ ಕೆಲವು ಬಂದವು. ಎಲ್ಲವೂ ಬರಲಿಲ್ಲ. ಸಂತೆಗೆ ಎರಡು ಎಮ್ಮೆ ಹೋದವು, ಎರಡು ಕೊಟ್ಟಿಗೆಯಲ್ಲಿ ಉಳಿದವು.

ಪತ್ರಿಕೆಯವನಿಗೂ ನಷ್ಟವಾಯಿತು. ಸುಳ್ಳು ಬರೆದೆ ಎಂದು ತಾನೇ ಸಾರಿಕೊಂಡು ಬಂದವನ ಪತ್ರಿಕೆ ಯಾರಿಗೆ ಬೇಕು? ಕೊಳ್ಳುವವರು ಮೊದಲಿಗಿಂತ ಕಡಿಮೆಯಾದರು. ಅವನು ಅದಕ್ಕೆ ಹೆದರಲಿಲ್ಲ. ಫೋನು ಬದಿಗಿಟ್ಟು, ಅಪ್ಪನಂತೆ ಮನೆಮನೆಗೆ ಹೋಗಿ ಕೇಳಿ ಬರೆಯತೊಡಗಿದ. ಕೇಳಲು ಆಗದೆ ಇದ್ದದ್ದನ್ನು ಬರೆಯಲಿಲ್ಲ. ಕೆಲವು ದಿನ ಅರ್ಧ ಹಾಳೆ ಖಾಲಿಯೇ ಹೊರಟಿತು.

ಕೆಲವು ತಿಂಗಳಾದ ಮೇಲೆ ಊರಿನ ಫೋನುಗಳಿಗೆಲ್ಲ ಇನ್ನೊಂದು ಸುದ್ದಿ ಬಂತು. ನೀರಿನ ಟ್ಯಾಂಕಿನಲ್ಲಿ ಯಾರೋ ವಿಷ ಹಾಕಿದ್ದಾರೆ, ಇಂಥ ಕೇರಿಯವರೇ ಹಾಕಿದ್ದಾರೆ ಎಂದು. ಜನ ಕೈಯಲ್ಲಿ ಫೋನು ಹಿಡಿದುಕೊಂಡು ಬೀದಿಗೆ ಬಂದರು. ಕೆಲವರ ಕೈಯಲ್ಲಿ ದೊಣ್ಣೆಯೂ ಇತ್ತು. ಗುಂಪು ಪತ್ರಿಕೆಯವನ ಮನೆಯ ಹತ್ತಿರ ಬರುವಾಗ ಯಾರೋ ಒಬ್ಬರು ನಿಂತರು. ಅವರು ನಿಂತದ್ದಕ್ಕೆ ಉಳಿದವರೂ ನಿಂತರು. ಬಾಗಿಲು ತಟ್ಟಿದರು.

"ಇದು ನಿಜವೇನ್ರೀ? ನೀವು ಹೋಗಿ ಕೇಳಿದ್ರಾ?" ಎಂದರು.

"ಇನ್ನೂ ಇಲ್ಲ. ಈಗ ಹೋಗ್ತೀನಿ. ಸಂಜೆ ಬನ್ನಿ" ಎಂದು ಪತ್ರಿಕೆಯವನು ಚಪ್ಪಲಿ ಮೆಟ್ಟಿಕೊಂಡ.

ಜನ ಗೊಣಗಿದರು. ಆದರೆ ಸಂಜೆಯವರೆಗೆ ಕಾದರು. ತಾನು ತಪ್ಪು ಮಾಡಿದೆ ಎಂದು ಮನೆಮನೆಗೆ ಹೋಗಿ ಹೇಳಿದವನು ಊರಿನಲ್ಲಿ ಅವನೊಬ್ಬನೇ ಆಗಿದ್ದ. ಅವನು ಹೋಗಿ ಕೇಳಿ ಬಂದು, ವಿಷದ ಮಾತು ಸುಳ್ಳು ಎಂದ. ಸಂಜೆಯ ಹೊತ್ತಿಗೆ ಟ್ಯಾಂಕಿನ ನೀರನ್ನು ಎಲ್ಲರೂ ಕುಡಿಯುತ್ತಿದ್ದರು, ದೊಣ್ಣೆಗಳು ಮನೆ ಸೇರಿದ್ದವು.

ಗುರುಗಳು ಕತೆ ಮುಗಿಸಿದರು. ಮುದ್ದಲಿಂಗನ ಮುಖ ಕೆಂಪಾಗಿತ್ತು. ಅಚ್ಚಿನ ಪತ್ರಿಕೆಯನ್ನು ನಿಲ್ಲಿಸುವ ಮಾತು ಅವನಿಗೆ ಮರೆತೇಹೋಗಿತ್ತು. ಹಾಲಿನವಳು ಮೋರಿಗೆ ಸುರಿದ ಹಾಲು ಅವನ ಕಣ್ಣಿಗೆ ಕಟ್ಟಿತ್ತು.

"ಗುರುಗಳೇ, ಆ ವಿಡಿಯೋ ಮಾಡಿದವನು ಕೊನೆಗೂ ಸಿಕ್ಕಿದನೇ? ಅವನಿಗೆ ತಕ್ಕ ಶಿಕ್ಷೆ ಆಗಬೇಕಿತ್ತು" ಎಂದು ಸಿಟ್ಟಿನಿಂದ ಕೇಳಿದ.

ಗುರುಗಳು ಅವನನ್ನೇ ನೋಡಿದರು.

"ಅವನು ಒಬ್ಬನಿದ್ದ, ಸಿಗಲಿಲ್ಲ, ಕಳಿಸಿದವರು ಊರು ತುಂಬ ಇದ್ದರಲ್ಲ, ಅವರ ಶಿಕ್ಷೆಯ ಮಾತನ್ನು ನೀನು ಯಾಕೆ ಎತ್ತಲಿಲ್ಲ?"