ವಾಸಿಯಾದ ಕರುಳು

ರೊಟ್ಟಿ ಬಡಿದು ಬದುಕುವ ನೀಲಗಂಗವ್ವನ ಹೊಟ್ಟೆಯಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ದೊಡ್ಡ ಕರುಳು ಅಣ್ಣ; ಅನ್ನ ಅರಗಿಸುವ ರಸ ಕೊಡುವ ಮೇದೋಜೀರಕ ತಮ್ಮ. ಅಣ್ಣನಿಗೆ ಎರಡು ವರ್ಷದಿಂದ ಹುಣ್ಣು, ರಕ್ತ. ಆಸ್ಪತ್ರೆಯವರು ಕೊಟ್ಟ ಹೊಸ ಗುಳಿಗೆಯನ್ನು ಅವ್ವ ದೇವರ ಮುಂದಿಟ್ಟು, ಕೈಮುಗಿದು ನುಂಗತೊಡಗಿದ ಮೇಲೆ ಹುಣ್ಣು ಮಾಯುತ್ತ ಬಂತು. ಕರುಳು ಬಹಳ ದಿನದ ಮೇಲೆ ಹಾಯಾಗಿ ಮಲಗಿತು.

ಮೂರನೆಯ ವಾರ ತಮ್ಮ ಚೀರಿದ: “ಅಣ್ಣಾ, ನನ್ನ ರಸ ನನ್ನನ್ನೇ ಸುಡ್ತಾ ಇದೆ!”

ಕರುಳು ಗುಳಿಗೆಯನ್ನು ತಡೆದು ಕೇಳಿತು: “ನನ್ನ ಪಾಲಿನ ದೇವರೇ, ಅವನಿಗೇನು ಮಾಡಿದಿರಿ?”

“ನಿನ್ನನ್ನು ಉಳಿಸಲು ಬಂದವನು ನಾನು,” ಎಂದಿತು ಗುಳಿಗೆ. “ಕೆಲವರ ಮೈಗೆ ನಾನು ಒಗ್ಗುವುದಿಲ್ಲ. ಅವ್ವ ನಿಲ್ಲಿಸಿದರೆ ನಿಲ್ಲುತ್ತೇನೆ. ನಾನಾಗಿ ಹಿಂದಿರುಗುವ ದಾರಿ ನನಗಿಲ್ಲ.”

“ಹಂಗಾದ್ರೆ ಅವ್ವನಿಗೆ ನೀನೇ ಹೇಳಣ್ಣಾ,” ಎಂದು ತಮ್ಮ ನರಳಿದ. “ನನ್ನ ಹೆಸರೂ ಆಕೆಗೆ ಗೊತ್ತಿಲ್ಲ. ಹೊಟ್ಟೆ ನೊಂದರೆ ನೀನೇ ಅಂದ್ಕೋತಾಳೆ.”

ಕರುಳು ಬಾಯಿ ತೆರೆಯಿತು. ಎರಡು ವರ್ಷ ಅದು ನೋವಿನಲ್ಲೇ ಮಾತಾಡಿತ್ತು; ಅವ್ವನಿಗೆ ತಿಳಿಯುತ್ತಿದ್ದುದೂ ಅದೊಂದೇ ಮಾತು. ಈಗ ನೋವು ಹೋಗಿತ್ತು, ಜೊತೆಗೆ ದನಿಯೂ ಹೋಗಿತ್ತು.

ನೀಲಗಂಗವ್ವ ಹೊಟ್ಟೆ ಹಿಡಿದು ಒಲೆಯ ಮುಂದೆ ಕುಸಿದಳು. “ಹಾಳು ಕರುಳು ಮತ್ತೆ ಕೆರಳಿತಲ್ಲೋ ಶಿವನೇ!” ಎಂದು ಅತ್ತು, ನಾಳೆಯ ಗುಳಿಗೆಯನ್ನೂ ಇವತ್ತೇ ನುಂಗಿದಳು.

ತಮ್ಮ ಆಮೇಲೆ ಅಣ್ಣನನ್ನು ಕರೆಯಲಿಲ್ಲ.